ಉಲ್ಲನ್ ಉಂಡೆಯ ಬಾಗಿನ

(ನಮ್ಮ ಸಂಘದ ಮಹಿಳಾ ವಿಭಾಗದ ಸಂಕ್ರಾಂತಿ ಹಳದಿ-ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರಿಗಿರುವ ಅಕ್ಕಂದಿರಿಗೆ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಕ್ರೋಶಾ ಕಡ್ಡಿ ಹೊರಗೆ ತೆಗೆದಿರುವ ಗೆಳತಿಯರಿಗೆ ಸಂಕ್ರಾಂತಿಯ ಶುಭಾಶಯಗಳು.

ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಐಟಿಯವರು, ಮೊಬೈಲ್ ಮೋಸದ ಬಗ್ಗೆ ಹದಿನೈದು ನಿಮಿಷ ಮಾತಾಡಿ" ಅಂದಿದ್ದರು. ಓಟಿಪಿ ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಅದು ಅಲ್ಲಿಗೆ ಮುಗಿಯಿತು. ಉಳಿದ ಹೊತ್ತಿನಲ್ಲಿ ಇನ್ನೊಂದು ಮೋಸದ ಬಗ್ಗೆ ಹೇಳುತ್ತೇನೆ. ಅದನ್ನು ಮಾಡಿದವಳು ನಾನೇ.

ನಮ್ಮಲ್ಲಿ ಕೆಲವರು ವರ್ಷಕ್ಕೊಮ್ಮೆ ಉಲ್ಲನ್ ಗಂಟು ಬದಲಾಯಿಸಿಕೊಳ್ಳುತ್ತೇವೆ ಎಂಬುದು ನಿಮಗೆ ಗೊತ್ತು. ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಹೆಣಿಗೆ ಅಥವಾ ಕ್ರೋಶಾ ಬರುವವರು ಹೆಸರು ಕೊಡುತ್ತಾರೆ. ಪ್ರತಿಯೊಬ್ಬರಿಗೂ ಇನ್ನೊಬ್ಬರ ಹೆಸರು ಬರುತ್ತದೆ. ಆ ವಿಳಾಸಕ್ಕೆ 200 ಗ್ರಾಂ ದಾರ, ಕೈಯಾರೆ ಮಾಡಿದ ಒಂದು ಚಿಕ್ಕ ವಸ್ತು, ಕೆಡದಂಥ ಏನಾದರೂ ತಿಂಡಿ, ಜೊತೆಗೆ ಕನ್ನಡದಲ್ಲಿ ಕೈಬರಹದ ಒಂದು ಪತ್ರ ಕಳಿಸಬೇಕು. ಗಣೇಶ ಚತುರ್ಥಿಯ ಹೊತ್ತಿಗೆ ಹೆಸರು, ದೀಪಾವಳಿಯ ಒಳಗೆ ಗಂಟು. ಎರಡು ವರ್ಷದ ಹಿಂದೆ ಶುರುವಾದಾಗ ನಾವು ಹನ್ನೆರಡು ಜನ. ಡೊಂಬಿವಲಿ, ಮುಲುಂಡ್, ಘಾಟ್‌ಕೋಪರ್, ಮೀರಾರೋಡ್, ವಸಾಯಿ ಹೀಗೆ ಎಲ್ಲ ಕಡೆಯವರು. ಧಾರವಾಡದಿಂದಲೂ ಒಬ್ಬರು, ಅವರ ವಿಷಯ ಮುಂದೆ ಬರುತ್ತದೆ.

"ಒಂದೇ ಊರಲ್ಲಿದ್ದು ಪೋಸ್ಟಿನಲ್ಲಿ ಯಾಕೆ, ಸಂಘಕ್ಕೆ ಬಂದಾಗ ಕೈಗೇ ಕೊಟ್ಟರಾಗದೇ?" ಎಂದು ನನ್ನ ಗಂಡ ಕೇಳಿದ್ದರು. ಡೊಂಬಿವಲಿಯಿಂದ ಮೀರಾರೋಡಿಗೆ ಹೋಗಬೇಕಾದರೆ ದಾದರಿನಲ್ಲಿ ಗಾಡಿ ಬದಲಿಸಬೇಕು, ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಶಿವಮೊಗ್ಗದ ನನ್ನ ತವರಿಗೆ ಫೋನ್ ಮಾಡಿದಷ್ಟು ಸಲ ಮೀರಾರೋಡಿನ ಗೆಳತಿಗೆ ನಾನು ಮಾಡಿರಲಿಕ್ಕಿಲ್ಲ. ಮುಂಬೈಯಲ್ಲಿ ಪಕ್ಕದ ಲೈನಿನವರೂ ಪರವೂರಿನವರೇ.

ಹೆಸರು ಹಂಚುವ ಕೆಲಸ ನನಗೆ ಬಂತು. ಎಂಟೆಕ್ ಮಾಡಿದವಳಲ್ಲವೇ! ಮೊದಲು ಚೀಟಿ ಎತ್ತೋಣ ಅಂದರು. ಹನ್ನೆರಡು ಚೀಟಿ ಕಲಸಿ ಹಂಚಿದರೆ, ನೂರರಲ್ಲಿ ಸುಮಾರು 63 ಸಲ ಕೊನೇ ಪಕ್ಷ ಒಬ್ಬಳಿಗಾದರೂ ತನ್ನದೇ ಹೆಸರು ಬರುತ್ತದೆ. ಇದು ಹಳೆಯ ಲೆಕ್ಕ, ನನ್ನದಲ್ಲ. ಹಾಗಾಗಿ ಎಲ್ಲರ ಹೆಸರನ್ನೂ ಒಂದು ಉಂಗುರದ ಹಾಗೆ ಜೋಡಿಸಿದೆ. ಒಂದನೆಯವಳು ಎರಡನೆಯವಳಿಗೆ, ಎರಡನೆಯವಳು ಮೂರನೆಯವಳಿಗೆ, ಹನ್ನೆರಡನೆಯವಳು ಮೊದಲಿನವಳಿಗೆ. ಇಬ್ಬಿಬ್ಬರ ಜೋಡಿ ಬೇಕೆಂದೇ ಮಾಡಲಿಲ್ಲ. ಜೋಡಿಯಾದರೆ ನಾನು ಕೊಟ್ಟಿದ್ದೆಷ್ಟು, ಅವಳು ಕೊಟ್ಟಿದ್ದೆಷ್ಟು ಎಂಬ ತಕ್ಕಡಿ ಬಂದುಬಿಡುತ್ತದೆ. ಉಂಗುರದಲ್ಲಿ ನನಗೆ ಕೊಡುವವಳು ಬೇರೆ, ನಾನು ಕೊಡುವವಳು ಬೇರೆ. ನಮ್ಮ ಕಡೆ ಪಕ್ಕದ ಮನೆಯವರ ಪಾತ್ರೆಯನ್ನು ಖಾಲಿಯಾಗಿ ವಾಪಸು ಕೊಡುವುದಿಲ್ಲ ನೋಡಿ, ನಾಲ್ಕು ನಿಂಬೆಹಣ್ಣಾದರೂ ಹಾಕಿ ಕೊಡುತ್ತೇವೆ. ಇಲ್ಲಿ ಆ ಪಾತ್ರೆ ಮುಂದಿನ ಮನೆಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಗೂಗಲ್ ಶೀಟ್ ಒಂದನ್ನು ಮಾಡಿ, ಹೆಸರಿನ ಮುಂದೆ "ಕಳಿಸಿದೆ", "ಮುಟ್ಟಿತು" ಎಂದು ಎರಡು ಕಾಲಂ ಇಟ್ಟೆ. ಕಳಿಸಿದೆ ಅಂತ ಬರೆದರೆ ಚೌಕ ಹಸಿರಾಗುತ್ತದೆ. ಅದೊಂದು ನನ್ನ ಹೆಮ್ಮೆ.

ನನಗೆ ಬಂದ ಗಂಟಿನ ಬಗ್ಗೆ ಮೊದಲು ಹೇಳಬೇಕು. ಮೀರಾರೋಡಿನಿಂದ ಬಂತು, ಎಲ್ಲರಿಗಿಂತ ಮೊದಲು. ಕಳಿಸಿದವರು ಕುಂದಾಪುರದ ಕಡೆಯವರು. ಬಿಳಿ ಬಟ್ಟೆಯಲ್ಲಿ ಸುತ್ತಿ, ಅಂಚನ್ನು ಸೂಜಿದಾರದಲ್ಲಿ ಹೊಲಿದು, ಮೇಲೆ ಮಾರ್ಕರ್ ಪೆನ್ನಿನಲ್ಲಿ ವಿಳಾಸ ಬರೆದಿದ್ದರು. ನಮ್ಮಮ್ಮ ನನ್ನ ಹಾಸ್ಟೆಲ್ಲಿಗೆ ಚಕ್ಕುಲಿ ಕಳಿಸುತ್ತಿದ್ದ ರೀತಿ ಅದು. ಬಿಚ್ಚಲು ಮನಸ್ಸಾಗದೆ ಒಂದು ರಾತ್ರಿ ಹಾಗೇ ಇಟ್ಟಿದ್ದೆ. ಒಳಗೆ ಹಲಸಿನ ಹಪ್ಪಳ, ಕ್ರೋಶಾದಲ್ಲಿ ಹೆಣೆದ ಒಂದು ಮೊಬೈಲ್ ಚೀಲ, ಕಡುನೀಲಿ ಬಣ್ಣದ ನಾಲ್ಕು ಉಂಡೆ. ಉಂಡೆಗಳಿಗೆ ಅಂಗಡಿಯ ಪಟ್ಟಿ ಇರಲಿಲ್ಲ. ಪತ್ರ ಓದಿದ ಮೇಲೆ ತಿಳಿಯಿತು, ಅದು ಅವರ ಮಗ ಐದನೇ ಕ್ಲಾಸಿನಲ್ಲಿ ಹಾಕಿಕೊಂಡಿದ್ದ ಸ್ವೆಟರ್. ಬಿಚ್ಚಿದ ದಾರ.

ಒಂದು ಕ್ಷಣ ನನಗೆ ಪಿಚ್ಚೆನಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ಹಳೆಯದೇ ಎಂದುಕೊಂಡೆ. ಆಮೇಲೆ ದಾರ ಮುಟ್ಟಿ ನೋಡಿದೆ. ಬಿಚ್ಚಿದ ಉಲ್ಲನ್ ಎಂದರೆ ನೂಡಲ್ಸಿನ ಹಾಗೆ ಸುರುಳಿ ಸುರುಳಿ ಇರುತ್ತದೆಯಲ್ಲ, ಇದು ಹೊಸದರಂತೆ ನೇರ. ಹೇಗೆ ಮಾಡಿದಿರಿ ಎಂದು ಫೋನ್ ಮಾಡಿ ಕೇಳಿದೆ. ನಿಮಗೂ ಉಪಯೋಗವಾಗುತ್ತದೆ, ಕೇಳಿ. ಸ್ವೆಟರಿನ ಹೊಲಿಗೆ ಬಿಡಿಸಿ, ತುದಿ ಹುಡುಕಿ ಬಿಚ್ಚುತ್ತಾ ಕುರ್ಚಿಯ ಬೆನ್ನಿಗೆ ಸುತ್ತಬೇಕು. ಆ ಲಡಿಗೆ ನಾಲ್ಕು ಕಡೆ ಬೇರೆ ದಾರದಿಂದ ಸಡಿಲವಾಗಿ ಕಟ್ಟಿ, ಕುರ್ಚಿಯಿಂದ ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಬೇಕು. ಉಜ್ಜಬಾರದು, ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಬೇಕು. ನೆರಳಿನಲ್ಲಿ ನೇತುಹಾಕಿ, ಕೆಳಗಿನ ತುದಿಗೆ ಏನಾದರೂ ಹಗುರವಾದ ಭಾರ ಕಟ್ಟಬೇಕು. ಅವರು ಕಟ್ಟಿದ್ದು ಪೂಜೆಯ ಚೊಂಬು. ಮುಂಬೈಯ ಮಳೆಗಾಲದಲ್ಲಿ ಇದನ್ನು ಮಾಡಲು ಹೋಗಬೇಡಿ. ಒಣಗಲು ನಾಲ್ಕು ದಿನ ಬೇಕು, ಆಮೇಲೂ ಮುಗ್ಗಲು ವಾಸನೆ ಬಿಡುವುದಿಲ್ಲ. ಅವರು ಗಣೇಶನ ಹಬ್ಬ ಕಳೆದು ಬಿಸಿಲು ಬರಲೆಂದು ಕಾದಿದ್ದರು.

ಹೊಸ ದಾರಕ್ಕೆ ಬಂದರೆ ಬೇರೆ ಜಾಣತನ ಬೇಕು. ಉಂಡೆಯ ಪಟ್ಟಿಯ ಮೇಲೆ ಬಣ್ಣದ ನಂಬರಿನ ಪಕ್ಕದಲ್ಲಿ ಲಾಟ್ ನಂಬರ್ ಇರುತ್ತದೆ. ಲುಧಿಯಾನದಿಂದ ಬರುವ ಒಂದೇ ಬಣ್ಣದ ಎರಡು ಉಂಡೆ ಬೇರೆ ಬೇರೆ ಲಾಟಿನವಾದರೆ ಅಂಗಡಿಯ ದೀಪದ ಬೆಳಕಿನಲ್ಲಿ ಒಂದೇ ತರಹ ಕಾಣುತ್ತವೆ. ಹೆಣೆದ ಮೇಲೆ ಬೆನ್ನಿನ ಮಧ್ಯದಲ್ಲಿ ಒಂದು ಗೆರೆ ಎದ್ದುಬರುತ್ತದೆ. ಗೆಳತಿಗೆ ಕಳಿಸುವಾಗ ಇದನ್ನು ನೋಡಲೇಬೇಕು, ಅವಳು ನಮ್ಮ ಅಂಗಡಿಗೆ ಬಂದು ಇನ್ನೊಂದು ಉಂಡೆ ಹುಡುಕಲಾರಳು. ಇನ್ನೊಂದು, ಕಾಟನ್ ದಾರ ತೂಕ. 200 ಗ್ರಾಂ ಆಕ್ರಿಲಿಕ್‌ನಲ್ಲಿ ಮಫ್ಲರ್ ಆಗುತ್ತದೆ, ಅಷ್ಟೇ ಕಾಟನ್‌ನಲ್ಲಿ ಒಂದು ಚಿಕ್ಕ ಚೀಲವಾದರೆ ಹೆಚ್ಚು. ಆದರೆ ಈ ಊರಿನಲ್ಲಿ ಮಫ್ಲರ್ ಹಾಕಿಕೊಳ್ಳುವುದು ಯಾವಾಗ? ಹಾಗಾಗಿ ನಾವು ಕಾಟನ್ ಜಾಸ್ತಿ ಕಳಿಸುತ್ತೇವೆ.

ನ್ಯೂಜೆರ್ಸಿಯಲ್ಲಿರುವ ಒಬ್ಬರ ಮಗಳು ತಾನೂ ಸೇರುತ್ತೇನೆ ಅಂದಳು. ಹೊರದೇಶದಿಂದ ಉಡುಗೊರೆ ಎಂದು ಸುಂಕವಿಲ್ಲದೆ ಗಂಟು ತರಿಸುವುದು 2019ರ ಡಿಸೆಂಬರಿನಿಂದ ನಿಂತಿದೆ, ಸುಂಕ ಕಟ್ಟಿಯೇ ಬಿಡಿಸಿಕೊಳ್ಳಬೇಕು. ಜೀವರಕ್ಷಕ ಔಷಧಿಗೆ ಮತ್ತು ರಾಖಿಗೆ ಮಾತ್ರ ವಿನಾಯಿತಿ. "ರಾಖಿಯೂ ದಾರವೇ ಅಲ್ಲವೇ, 200 ಗ್ರಾಮಿನ ರಾಖಿ ಕಳಿಸುತ್ತೇನೆ" ಎಂದಳು. ಬೇಡವೆಂದು ಹೇಳಿದ್ದೇವೆ.

ಇದೆಲ್ಲ ಹೆಂಗಸರ ಟೈಂಪಾಸ್ ಎಂದು ನಗುವವರಿಗೆ ನಾನು ಚೆನ್ನೈಯ ಸುದ್ದಿ ಹೇಳುತ್ತೇನೆ. 2016ರ ಜನವರಿ 31ರಂದು ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಬಳಗದವರು ಅಲ್ಲಿ ಒಂದು ಕ್ರೋಶಾ ಹೊದಿಕೆ ಹಾಸಿದರು. ಅಳತೆ 11,148.5 ಚದರ ಮೀಟರ್. ಅಂದರೆ ಎರಡೂಮುಕ್ಕಾಲು ಎಕರೆ. ಗಿನ್ನೆಸ್ ದಾಖಲೆಯಾಯಿತು. ಊರೂರಿನ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಕುಳಿತು ಹೆಣೆದ ಚೌಕಗಳನ್ನು ಒಂದೆಡೆ ಸೇರಿಸಿ ಜೋಡಿಸಿದ್ದು ಅದು. ಅಷ್ಟು ಕೈಗಳಲ್ಲಿ ಪ್ರತಿಯೊಬ್ಬಳೂ ತನ್ನ ಪಾಲಿನ ಚೌಕವನ್ನು ಹೇಳಿದ ಅಳತೆಯಲ್ಲಿ, ಹೇಳಿದ ದಿನಕ್ಕೆ ಮುಟ್ಟಿಸಬೇಕಿತ್ತಲ್ಲ! ನನ್ನ ಉಂಗುರದಲ್ಲಿ ಬರೀ ಹನ್ನೆರಡು ಜನ ಇದ್ದರು.

ಈಗ ಧಾರವಾಡದ ವಿಷಯ. ನನ್ನ ಪಾಲಿಗೆ ಬಂದ ಹೆಸರು ನಾವೆಲ್ಲ ಅಕ್ಕೋರು ಎಂದು ಕರೆಯುವ ಹಿರಿಯರದು. ಆ ಕಡೆ ಶಾಲೆಯ ಟೀಚರಮ್ಮನನ್ನು ಹಾಗೇ ಕರೆಯುತ್ತಾರೆ. ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ, ನಿವೃತ್ತಿಯ ನಂತರ ಧಾರವಾಡದ ತಮ್ಮ ಮನೆಗೆ ಹೋದವರು. ಇಲ್ಲಿ ಕುಳಿತಿರುವ ಕೆಲವರ ಮಗ್ಗಿ ಅವರೇ ಬಾಯಿಪಾಠ ಮಾಡಿಸಿದ್ದು. ಊರಿಗೆ ಹೋದರೂ ಅವರಿಗೆ ಈ ಊರು ಬಿಟ್ಟಿಲ್ಲ. "ಮುಂಬೈಯಿಂದ ಏನರ ಬರತದಂದ್ರ ನನಗ ಖುಷಿ" ಎಂದು ಹೆಸರು ಕೊಡುವಾಗಲೇ ಬರೆದಿದ್ದರು. ಅವರ ಪಾಲಿನ ಗಂಟನ್ನು ಘಾಟ್‌ಕೋಪರಿನ ಗೆಳತಿಗೆ ದಸರೆಗೇ ಮುಟ್ಟಿಸಿದರು. ಅದರಲ್ಲಿ ಚೌಕಳಿ ಕಾಗದದ ಮೇಲೆ ಬರೆದ ಕಸೂತಿಯ ಚಿತ್ತಾರಗಳು: ಗೋಪುರ, ತೇರು, ಆನೆ, ತುಳಸಿಕಟ್ಟೆ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ, ಬಣ್ಣದ ಹೆಣಿಗೆಯಲ್ಲಿ ಕಡ್ಡಿಯ ಮೇಲಿನ ಕುಣಿಕೆ ಎಣಿಸುತ್ತೇವೆ. ಒಂದು ಚೌಕ, ಒಂದು ಕುಣಿಕೆ. ಇಳಕಲ್ ಸೀರೆಯ ಸೆರಗಿನ ಆನೆ ಘಾಟ್‌ಕೋಪರಿನ ಮೊಮ್ಮಗುವಿನ ಸ್ವೆಟರಿನ ಮೇಲೆ ಬಂದು ನಿಂತಿದೆ, ಇವತ್ತು ಆ ಮಗು ಇಲ್ಲೇ ಓಡಾಡುತ್ತಿದೆ, ನೋಡಿರಬಹುದು.

ಇಂಥವರಿಗೆ ನಾನು ಸಾಮಾನ್ಯವಾದದ್ದನ್ನು ಕಳಿಸುವುದು ಹೇಗೆ? ಒಂದು ಶಾಲು ಹೆಣೆಯುತ್ತೇನೆ ಎಂದು ನಿರ್ಧರಿಸಿದೆ. ಯಾರೂ ಕೇಳಿರಲಿಲ್ಲ. ನಿಯಮದಲ್ಲಿ ಇದ್ದದ್ದು ಚಿಕ್ಕ ವಸ್ತು. ಜಾಲರಿ ಹೆಣಿಗೆಯ ಕಷ್ಟದ ಮಾದರಿಯೊಂದನ್ನು ಆರಿಸಿಕೊಂಡೆ. ನನಗೆ ಹೆಣೆಯಲು ಸಿಗುವ ಹೊತ್ತು ರೈಲಿನಲ್ಲಿ. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಗಾಡಿ ಬದಲಿಸಿ ಐರೋಲಿ. ಬೆಳಗಿನ ಹೊತ್ತು ಠಾಣೆಯವರೆಗೆ ಕೈ ಎತ್ತಿದರೆ ಇಳಿಸಲು ಜಾಗ ಇರುವುದಿಲ್ಲ. ಕ್ರೋಶಾ ಕಡ್ಡಿಯಾದರೆ ನಿಂತೇ ನಡೆಯುತ್ತದೆ, ಎರಡು ಕಡ್ಡಿಯ ಜಾಲರಿ ಹೆಣಿಗೆ ನಡೆಯುವುದಿಲ್ಲ. ಒಂದು ದಿನ ಕುಣಿಕೆ ಜಾರಿ ಇಪ್ಪತ್ತು ಸಾಲು ಬಿಚ್ಚಿದೆ. ಇನ್ನೊಂದು ದಿನ ಪೂರ್ತಿ ಬಿಚ್ಚಿದೆ. ಆಫೀಸಿನಲ್ಲಿ ರಿಲೀಸ್ ಬಂತು, ರಾತ್ರಿ ಹನ್ನೊಂದರವರೆಗೆ ಕಾಲ್. ದೀಪಾವಳಿ ಬಂತು.

ಶೀಟಿನಲ್ಲಿ ಹನ್ನೊಂದು ಚೌಕ ಹಸಿರಾಗಿದ್ದವು. ನನ್ನದೊಂದೇ ಬಿಳಿ. ಇಡೀ ಆಟ ನಡೆಸುತ್ತಿರುವವಳು ನಾನು, ಎಲ್ಲರಿಗೂ "ನಿಮ್ಮದು ಆಯಿತೇ" ಎಂದು ಮೆಸೇಜು ಹಾಕಿದವಳು ನಾನು. ನರಕಚತುರ್ದಶಿಯ ಹಿಂದಿನ ರಾತ್ರಿ ನನ್ನ ಹೆಸರಿನ ಮುಂದೆ "ಕಳಿಸಿದೆ" ಎಂದು ಬರೆದೆ. ಎರಡು ದಿನದಲ್ಲಿ ಹೇಗೂ ಕಳಿಸುತ್ತೇನಲ್ಲ ಎಂದುಕೊಂಡೆ.

ಎರಡು ದಿನ ಆಗಲಿಲ್ಲ. ತಡವಾದಷ್ಟೂ ಗಂಟು ದೊಡ್ಡದಾಗಬೇಕು ಎನಿಸತೊಡಗಿತು. ಹದಿನೈದು ದಿನ ತಡವಾದರೆ ಬರೀ ಎರಡು ಉಂಡೆ ಕಳಿಸಲು ಮುಖವಿಲ್ಲ, ಶಾಲು ಬೇಕೇ ಬೇಕು. ತಿಂಗಳಾದರೆ ಶಾಲೂ ಸಾಲದು, ಸೀರೆಯೂ ಇಡಬೇಕು. ಬಡ್ಡಿ ಸಾಲದ ಹಾಗೆ. ಚೀಲದಲ್ಲಿ ಶಾಲಿನ ಅರ್ಧ ತುಂಡು ಇತ್ತು, ಅದನ್ನು ನೋಡಲಾಗದೆ ಬೇರೆ ಚೀಲ ತೆಗೆದುಕೊಂಡು ಆಫೀಸಿಗೆ ಹೋಗತೊಡಗಿದೆ.

ಅಕ್ಕೋರು ನನಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಡಿಸೆಂಬರಿನಲ್ಲಿ ಘಾಟ್‌ಕೋಪರಿನ ಗೆಳತಿ ಬೇರೆ ಏನೋ ಮಾತಾಡುತ್ತಾ ಹೇಳಿದಳು: "ಪಾಪ, ನಿನ್ನ ಗಂಟು ದಾರಿಯಲ್ಲೇ ಕಳೆದುಹೋಗಿದೆಯಂತೆ. ಅಕ್ಕೋರು ಮೂರು ಸಲ ಪೋಸ್ಟಾಫೀಸಿಗೆ ಹೋಗಿ ಬಂದರಂತೆ. ಪೋಸ್ಟ್‌ಮನ್ ಹುಡುಗನಿಗೂ ಚೆನ್ನಾಗಿ ಬೈದರಂತೆ." ಶೀಟಿನಲ್ಲಿ ಕಳಿಸಿದೆ ಎಂದಿದೆ. ಕಂಪ್ಯೂಟರಿನಲ್ಲಿ ಬರೆದದ್ದು, ಅದೂ ನಾನು ಬರೆದದ್ದು. ಅವರು ನನ್ನನ್ನು ನಂಬಿದ್ದರು, ಅವನನ್ನು ನಂಬಲಿಲ್ಲ.

ಆ ರಾತ್ರಿ ಫೋನ್ ಮಾಡಿದೆ. ಸುಳ್ಳು ಬರೆದಿದ್ದೆ, ಗಂಟು ಕಳಿಸಿಯೇ ಇಲ್ಲ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಅಳುತ್ತಾರೇನೋ, ಇಲ್ಲವೇ "ಇರಲಿ ಬಿಡು" ಎನ್ನುತ್ತಾರೇನೋ ಎಂದುಕೊಂಡೆ. ಎರಡೂ ಆಗಲಿಲ್ಲ.

"ನಂದು ಹೋಗಲಿ ತಂಗಿ," ಎಂದರು. "ನಾ ಆ ಹುಡುಗಗ ಮೂರು ಸಲ ಬೈದೀನಿ. ಓಣ್ಯಾಗ ನಾಕ ಮಂದಿ ಮುಂದ ಬೈದೀನಿ. ಈಗ ಅವಗ ಏನ್ ಹೇಳ್ಲಿ?"

ನನಗೆ ಉತ್ತರ ಇರಲಿಲ್ಲ.

"ನೀನs ಹೇಳು," ಎಂದು ಫೋನ್ ಇಟ್ಟರು.

ಶಾಲನ್ನು ಬಿಚ್ಚಿ ಉಂಡೆ ಮಾಡಿದೆ. ಭಾನುವಾರ ಎರಡು ಗಂಟೆಯಲ್ಲಿ ಕ್ರೋಶಾದಲ್ಲಿ ಒಂದು ಕನ್ನಡಕದ ಚೀಲ ಹೆಣೆದೆ. ಮೊದಲೇ ಇಷ್ಟು ಮಾಡಿದ್ದರೆ ಸಾಕಿತ್ತು. ಹೊಸ ಕಾಟನ್ ಉಂಡೆಗಳು, ಒಂದೇ ಲಾಟಿನವು, 200 ಗ್ರಾಂ. ಲೋಣಾವಳದ ಚಿಕ್ಕಿ. ಅಕ್ಕೋರಿಗೆ ಪತ್ರ. ಬೇರೆ ಲಕೋಟೆಯಲ್ಲಿ ಪೋಸ್ಟ್‌ಮನ್ನರಿಗೆ ಇನ್ನೊಂದು ಪತ್ರ. ಅದನ್ನು ಬರೆಯಲು ಶಾಲಿಗಿಂತ ಹೆಚ್ಚು ಕಷ್ಟವಾಯಿತು. ಹೆಸರು ಗೊತ್ತಿಲ್ಲದವರಿಗೆ ಕ್ಷಮೆ ಕೇಳುವ ಪತ್ರ ಹೇಗೆ ಶುರುಮಾಡುವುದು? ಕೊನೆಗೆ "ಮಾನ್ಯರೇ" ಎಂದೇ ಬರೆದೆ. ಗಂಟು ಕಳೆದಿಲ್ಲ, ನಾನು ಕಳಿಸಿರಲಿಲ್ಲ, ತಪ್ಪು ನನ್ನದು, ನೀವು ಕೇಳಿದ ಬೈಗುಳ ನನಗೆ ಸೇರಬೇಕಾದದ್ದು ಎಂದು ಆರೇ ಸಾಲು.

ಡೊಂಬಿವಲಿಯಲ್ಲೇ ಪೋಸ್ಟ್ ಮಾಡಬಹುದಿತ್ತು. ಆದರೆ ಶನಿವಾರ ಕೋಟೆಗೆ ಹೋಗಿ ಜಿಪಿಓದಲ್ಲಿ ಕೊಟ್ಟೆ. ಸಿಎಸ್‌ಎಂಟಿ ಸ್ಟೇಷನ್ನಿನ ಪಕ್ಕದ ಆ ದೊಡ್ಡ ಗುಮ್ಮಟದ ಕಟ್ಟಡ ನೋಡಿದ್ದೀರಲ್ಲ, 1913ರಲ್ಲಿ ಕಟ್ಟಿ ಮುಗಿಸಿದ್ದು. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ನಮ್ಮ ವಿಜಯಪುರದ ಗೋಲಗುಮ್ಮಟದ ಮಾದರಿಯಲ್ಲಿ ಅದರ ನಕ್ಷೆ ಮಾಡಿದ. ಅಕ್ಕೋರು ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ "ನೋಡ್ರಿ, ನಮ್ಮ ಗುಮ್ಮಟ ಮುಂಬೈಗೆ ಬಂದು ಟಪಾಲು ಹಂಚಾಕಹತ್ತೇದ" ಎನ್ನುತ್ತಿದ್ದರಂತೆ. ಅಲ್ಲಿಯ ಮುದ್ರೆ ಬಿದ್ದ ಗಂಟು ಅವರಿಗೆ ಹೋಗಲಿ ಎನಿಸಿತು. ಕೌಂಟರಿನಲ್ಲಿ ರಸೀದಿ ಕೊಟ್ಟರು. ಅದರ ಫೋಟೋ ತೆಗೆದು ಎಲ್ಲರ ಗುಂಪಿಗೂ ಹಾಕಿ, ನಡೆದದ್ದನ್ನು ಬರೆದೆ. ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ. ಆಮೇಲೆ ವಸಾಯಿಯ ಗೆಳತಿ ಬರೆದಳು: "ನಂದೂ ಹಸಿರು ಮಾಡಿದ ಮೇಲೆ ನಾಲ್ಕು ದಿನಕ್ಕೆ ಕಳಿಸಿದ್ದು." ಮುಲುಂಡಿನವರೊಬ್ಬರು ಇಂದಿಗೂ ನನ್ನ ಜೊತೆ ಮೊದಲಿನ ಹಾಗೆ ಮಾತಾಡುವುದಿಲ್ಲ. ಅವರು ಹಾಗೆ ಇರುವುದು ತಪ್ಪು ಎಂದು ನನಗೆ ಅನಿಸಿಲ್ಲ.

ಹತ್ತು ದಿನಕ್ಕೆ ಅಕ್ಕೋರ ಪತ್ರ ಬಂತು. ಕನ್ನಡಕದ ಚೀಲದ ಬಾಯಿ ಸ್ವಲ್ಪ ಬಿಗಿಯಾಯಿತು, ಎರಡು ಕುಣಿಕೆ ಹೆಚ್ಚು ಹಾಕಬೇಕಿತ್ತು ಎಂದು ಮೊದಲು ತಿದ್ದಿದ್ದರು. ಚಿಕ್ಕಿ ಹಲ್ಲಿಗೆ ಗಟ್ಟಿ. ಕೊನೆಯಲ್ಲಿ ನಾಲ್ಕು ಸಾಲು: "ಅವನ ಲಕೋಟಿ ಅವನ ಕೈಗೇ ಕೊಟ್ಟೆ. ಗೇಟಿನ್ಯಾಗ ನಿಂತು ಓದಿದ. ನಾನೂ ತಪ್ಪಾತಪಾ ಅಂದೆ. ಮಡಚಿ ಕಿಸೆದಾಗ ಇಟಗೊಂಡು, ಸಹಿ ಮಾಡ್ರಿ ಅಕ್ಕೋರ, ಇನ್ನಾ ಹನ್ನೆರಡು ಮನಿ ಅದಾವ, ಅಂದ."

ಈ ವರ್ಷ ಶೀಟಿನಲ್ಲಿ "ಕಳಿಸಿದೆ" ಕಾಲಂ ತೆಗೆದಿದ್ದೇನೆ. "ಮುಟ್ಟಿತು" ಒಂದೇ ಇದೆ, ಅದನ್ನು ತುಂಬುವವರು ಪಡೆದವರು. ಶೀಟ್ ನೋಡಿಕೊಳ್ಳುವುದು ಘಾಟ್‌ಕೋಪರಿನ ಗೆಳತಿ, ನಾನಲ್ಲ. ಈ ಸಲ ಸಂಕ್ರಾಂತಿಗೇ ಹೆಸರು ತೆಗೆದುಕೊಳ್ಳುತ್ತಿದ್ದೇವೆ, ಯುಗಾದಿಯೊಳಗೆ ಗಂಟು ಹೋಗಬೇಕು. ಮೂವತ್ತು ಚೀಟಿ ತಂದಿದ್ದೇನೆ, ಚಹಾದ ಮೇಜಿನ ಮೇಲೆ ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲಿವೆ. ಆ ತಟ್ಟೆಗೆ ಮುಚ್ಚಿರುವ ಕ್ರೋಶಾ ಬಟ್ಟೆ ನಮ್ಮಮ್ಮ ಹೆಣೆದದ್ದು, ದಯವಿಟ್ಟು ಅದಕ್ಕೆ ಕೈ ಒರೆಸಬೇಡಿ. ಹೆಸರು, ವಿಳಾಸ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಪಿನ್‌ಕೋಡ್ ಬರೆಯಿರಿ, ಆರೂ ಅಂಕಿ. ಹೋದ ವರ್ಷ ಒಂದು ಅಂಕಿ ತಪ್ಪಿ ವಸಾಯಿಯ ಗಂಟು ಎಲ್ಲೆಲ್ಲೋ ತಿರುಗಿ ಹದಿನೆಂಟು ದಿನಕ್ಕೆ ಬಂತು. ಅದು ನಿಜವಾಗಿಯೂ ದಾರಿ ತಪ್ಪಿದ್ದು, ರಸೀದಿ ಇದೆ.